ಗಿಳಿಪಾಠ

ಅರ್ಥ ತಿಳಿಯದೆ ಪಾಠ ಒಪ್ಪಿಸುತ್ತಿದ್ದವರನ್ನು 'ಇದೇನು ಗಿಳಿಪಾಠ?' ಎಂದು ನಾನು ಗದರಿಸುತ್ತಿದ್ದುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಅದೇ ಶಾಲೆಯ ಜಗಲಿಯಲ್ಲಿ ತೂಗುಹಾಕಿದ್ದ ಪಂಜರದ ಗಿಳಿ 'ನಮಸ್ಕಾರ ಸಾರ್' ಎಂದಾಗ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟುತ್ತಿದ್ದವನೂ ನಾನೇ. ಆ ಚಪ್ಪಾಳೆಯನ್ನು ನೆನೆದರೆ ಇಂದು ನಾಚಿಕೆಯಾಗುತ್ತದೆ.

ಅದು ನೀಲಿ ರೆಕ್ಕೆಯ ಗಿಳಿ. ಪಶ್ಚಿಮ ಘಟ್ಟದ ಕಾಡುಗಳನ್ನು ಬಿಟ್ಟರೆ ಪ್ರಪಂಚದ ಬೇರೆಲ್ಲಿಯೂ ಅದಕ್ಕೆ ನೆಲೆಯಿಲ್ಲ. ಬೂದು ಬಣ್ಣದ ತಲೆ ಮತ್ತು ಎದೆ, ನೀಲಿ ರೆಕ್ಕೆ, ಹಳದಿ ತುದಿಯ ನೀಳವಾದ ಬಾಲ. ಗಂಡಿನ ಕೊಕ್ಕು ಕೆಂಪು. ಕೊರಳಿನ ಕಪ್ಪು ಪಟ್ಟಿಯ ಕೆಳಗೆ ಹಸಿರು-ನೀಲಿಯ ಕಂಠಿ. ಹೆಣ್ಣಿಗೆ ಈ ಕಂಠಿಯಿಲ್ಲ, ಕೊಕ್ಕು ಕಪ್ಪು. ಕಾಡಿನಲ್ಲಿ ಇವು ಹಿಂಡುಕಟ್ಟಿ, ಕೂಗುತ್ತಾ ವೇಗವಾಗಿ ಹಾರುತ್ತವೆ. ಹಣ್ಣು, ಬೀಜಗಳ ಜೊತೆಗೆ ಹಾಲುವಾಣದ ಹೂವಿನ ಮಕರಂದವನ್ನೂ ಸವಿಯುತ್ತವೆ.

ಗಿಳಿ ಹಿಂಡಿನ ಜೀವಿ. ಒಡನಾಡಿಗಳ ದನಿಯನ್ನು ಕಲಿಯುವುದು ಅದರ ಸ್ವಭಾವ. ಪಂಜರದೊಳಗೆ ಅದಕ್ಕೆ ನಮ್ಮ ಹೊರತು ಬೇರೆ ಹಿಂಡಿಲ್ಲ. ಆದ್ದರಿಂದಲೇ ನಮ್ಮ ಮಾತನ್ನು ಆಡುತ್ತದೆ. ನಾವು ಜಾಣ್ಮೆಯೆಂದು ಮೆಚ್ಚಿದ್ದು ವಾಸ್ತವದಲ್ಲಿ ಅದರ ಒಂಟಿತನವನ್ನು.

'ನಾವು ಪ್ರೀತಿಯಿಂದ ಸಾಕುತ್ತೇವೆ' ಎನ್ನುವವರಿದ್ದಾರೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ದೇಶದ ಗಿಳಿಗಳನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು ಅಪರಾಧ. 'ಅದೇನೂ ಅಳಿವಿನಂಚಿನ ಹಕ್ಕಿಯಲ್ಲವಲ್ಲ' ಎಂದೂ ವಾದಿಸಬಹುದು. ನಿಜ, ಇಂದಿಗೆ ಅಲ್ಲ. ಆದರೆ ಇಷ್ಟು ಕಿರಿದಾದ ನೆಲೆಯ ಹಕ್ಕಿಗೆ ಅಲ್ಲಿನ ಕಾಡು ಹೋದರೆ ಬೇರೆ ಆಸರೆಯಿಲ್ಲ. ಅದು ಹೆಚ್ಚಾಗಿ ಮರಕುಟಿಗ, ಕುಟ್ರುಹಕ್ಕಿಗಳು ಕೊರೆದು ಬಿಟ್ಟುಹೋದ ಪೊಟರೆಗಳಲ್ಲಿ, ಬೇಸಿಗೆ ಬಲಿಯುವ ಮೊದಲೇ ಮೊಟ್ಟೆಯಿಡುತ್ತದೆ. ಹಳೆಯ ಮರ ಉರುಳಿದರೆ ಮುಂದಿನ ವರ್ಷ ಗೂಡೇ ಇಲ್ಲ.

ನಿಮ್ಮಲ್ಲಿ ಅನೇಕರಿಗೆ ಇಂದು ಮಲೆನಾಡಿನಲ್ಲಿ ಕಾಫಿ, ಅಡಿಕೆ ತೋಟಗಳಿವೆ. ಒಣಗಿತೆಂದು ಸೌದೆಗೆ ಕಡಿಯಹೊರಟ ಪೊಟರೆಯ ಮರವೊಂದನ್ನು ಹಾಗೆಯೇ ನಿಲ್ಲಗೊಡಿ. ಬಂಧುಗಳ ಮನೆಯಲ್ಲಿ ಪಂಜರವಿದ್ದರೆ, ಹಕ್ಕಿಯನ್ನು ದಿಢೀರನೆ ಹಾರಿಬಿಡದೆ ಅರಣ್ಯ ಇಲಾಖೆಗೆ ಒಪ್ಪಿಸುವಂತೆ ತಿಳಿಹೇಳಿ. ಪಂಜರದಲ್ಲಿ ಬೆಳೆದದ್ದಕ್ಕೆ ಆಹಾರ ಹುಡುಕಲೂ ವೈರಿಯಿಂದ ತಪ್ಪಿಸಿಕೊಳ್ಳಲೂ ತಿಳಿದಿರುವುದಿಲ್ಲ.

ಅಂದು ಅರ್ಥ ತಿಳಿಯದೆ ಚಪ್ಪಾಳೆ ತಟ್ಟಿದ ನನ್ನದೇ ನಿಜವಾದ ಗಿಳಿಪಾಠ. ಅದನ್ನು ತಿದ್ದಿಕೊಳ್ಳಲು ನನಗೆ ಇಷ್ಟು ವರ್ಷಗಳೇ ಬೇಕಾದವು. ನಿಮಗೆ ಅಷ್ಟು ಕಾಲ ಹಿಡಿಯದಿರಲಿ.