ಆಕಾಶಕ್ಕೂ ಧಣಿಗಳು

2025ರ ಜೂನ್‌ನಲ್ಲಿ ದೆಹಲಿ ಸರಕಾರ ಅಮೆರಿಕದ ಸ್ಟಾರ್‌ಲಿಂಕ್ ಕಂಪೆನಿಗೆ ಪರವಾನಗಿ ಕೊಟ್ಟಿತು. ಇನ್ನು ಘಟ್ಟದ ಬುಡದ ಕೊನೆಯ ಗುಡಿಸಲಿಗೂ ಇಂಟರ್‌ನೆಟ್ ಆಕಾಶದಿಂದಲೇ ಇಳಿಯುತ್ತದಂತೆ. ಇಳಿಯಲಿ, ಬೇಡ ಅನ್ನುವವನು ನಾನಲ್ಲ. ಯಾರ ಅಂಗಳಕ್ಕೆ ಇಳಿಯುತ್ತದೆ ಅಂತ ಕೇಳುವ ಹಕ್ಕು ನಮಗೆ ಉಂಟಾ ಇಲ್ವಾ?

ಮೊದಲು ಆ ಯಂತ್ರದ ಗುಣ ತಿಳಿಯಿರಿ. ಟಿವಿಯ ಉಪಗ್ರಹ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಒಂದೇ ಕಡೆ ನಿಂತ ಹಾಗೆ ಕಾಣುತ್ತದೆ. ಡಿಶ್ಶನ್ನು ಒಮ್ಮೆ ಅತ್ತ ತಿರುಗಿಸಿದರೆ ಮುಗಿಯಿತು. ಈ ಹೊಸವು ಕೆಲವೇ ನೂರು ಕಿಲೋಮೀಟರ್ ಎತ್ತರದಲ್ಲೇ ಓಡುತ್ತವೆ, ಹೆಚ್ಚುಕಡಿಮೆ ಒಂದೂವರೆ ಗಂಟೆಗೆ ಭೂಮಿಗೊಂದು ಸುತ್ತು. ಹತ್ತಿರವಾದ್ದರಿಂದ ಮಾತು ಬೇಗ ಹೋಗಿ ಬೇಗ ಬರುತ್ತದೆ, ಸರಿ. ಆದರೆ ಒಂದು ಮರೆಯಾಗುತ್ತಲೇ ಇನ್ನೊಂದನ್ನು ಹಿಡಿಯಬೇಕು. ಅದಕ್ಕೆ ನೆತ್ತಿಯ ಮೇಲೆ ಅಗಲವಾದ ಬಯಲು ಆಕಾಶ ಬೇಕು. ಮರ ಅಡ್ಡ ಬಂದರೆ ಸಂಪರ್ಕ ಕಡಿಯುತ್ತದೆ.

ಈಗ ಹೇಳಿ ಸ್ವಾಮಿ, ಬಯಲು ಆಕಾಶ ಯಾರಿಗುಂಟು? ಮೂಡುಬಿದಿರೆಯ ಕಾಲೇಜುಗಳ ತಾರಸಿಗೆ ಉಂಟು. ಬಂಟ್ವಾಳದ ಗುತ್ತಿನ ಮನೆಯ ಅಡಿಕೆ ಒಣಗುವ ಅಂಗಳಕ್ಕೆ ಉಂಟು. ಬೆಳ್ತಂಗಡಿಯ ಕುತ್ಲೂರಿನ ಕಾಡೊಳಗಿನ ಮಲೆಕುಡಿಯರಿಗೆ? ಕೊಂಬೆ ಕಡಿದರೆ ಕೇಸು. ಅದು ಕುದುರೆಮುಖ ರಾಷ್ಟ್ರೀಯ ಉದ್ಯಾನವಲ್ಲವಾ! ತೋಟದ ಕೆಳಗೆ ಐದು ಸೆಂಟ್ಸಿನಲ್ಲಿರುವ ಕೊರಗರ ಮನೆಗೆ? ಮೇಲಿಂದ ನಮ್ಮ ಆಟಿಯ ಮಳೆ ಬೇರೆ, ಅದು ತರಂಗವನ್ನೇ ಕುಗ್ಗಿಸುತ್ತದೆ. ಕರೆಂಟು ಹೋದರೆ ಡಿಶ್ಶೂ ಸತ್ತಿತು.

ನೆಟ್‌ವರ್ಕ್ ಅಂದರೆ ಶೋಕಿ ಅಂದುಕೊಳ್ಳಬೇಡಿ. ಸ್ಕಾಲರ್‌ಶಿಪ್ ಅರ್ಜಿ ಅದರಲ್ಲಿ. ರೇಷನ್ ಅಂಗಡಿಯ ಹೆಬ್ಬೆಟ್ಟು ಅದರಲ್ಲಿ. 2023ರ ಜನವರಿಯಿಂದ ಉದ್ಯೋಗ ಖಾತ್ರಿಯ ಹಾಜರಿಗೂ ಮೊಬೈಲ್ ಫೋಟೋ ಕಡ್ಡಾಯ ಮಾಡಿದರು. ಅಜ್ಜ ಹೆಬ್ಬೆಟ್ಟು ಒತ್ತಿ ಧಣಿಯ ಸಾಲಕ್ಕೆ ಸಿಕ್ಕಿದ. ಮೊಮ್ಮಗಳು ಅದೇ ಹೆಬ್ಬೆಟ್ಟು ಒತ್ತಿ 'ಸರ್ವರ್ ಇಲ್ಲ, ನಾಳೆ ಬಾ' ಅನ್ನಿಸಿಕೊಳ್ಳುತ್ತಾಳೆ.

1975ರಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರಿನ ಹಳ್ಳಿಗಳಿಗೆ ಉಪಗ್ರಹದಿಂದ ಟಿವಿ ಬಂತು. ಅದೂ ಅಮೆರಿಕದ ಉಪಗ್ರಹವೇ, ನಡೆದದ್ದೂ ಒಂದೇ ವರ್ಷ. ಆದರೆ ಪೆಟ್ಟಿಗೆ ಊರಿನದ್ದು, ಒಬ್ಬನ ಮನೆಯದ್ದಲ್ಲ. ಈಗಿನದ್ದು ತಿಂಗಳ ಬಾಡಿಗೆಯ ಆಕಾಶ. 2025ರ ಮಾರ್ಚಿನಲ್ಲಿ ಏರ್‌ಟೆಲ್, ಜಿಯೋ ಎರಡೂ ಸ್ಟಾರ್‌ಲಿಂಕ್ ಜೊತೆ ಒಪ್ಪಂದ ಮಾಡಿಕೊಂಡವು. ನೆಲದ ಧಣಿಗಳೂ ಆಕಾಶದ ಧಣಿಗಳೂ ಬೀಗರಾದರು!

ದುಡ್ಡಿಲ್ಲ ಅನ್ನಬೇಡಿ. ಹಳ್ಳಿಗಳ ಹೆಸರಲ್ಲೇ ಟೆಲಿಕಾಂ ಕಂಪೆನಿಗಳ ಆದಾಯದಿಂದ ಶೇಕಡಾ 5 ಎತ್ತುವ ಡಿಜಿಟಲ್ ಭಾರತ್ ನಿಧಿ ಉಂಟು. ಮೊದಲ ಡಿಶ್ ಕುತ್ಲೂರಿನ ಶಾಲೆಯ ಮಾಡಿಗೆ, ಕೊರಗರ ಕಾಲೊನಿಯ ಅಂಗನವಾಡಿಗೆ ಬೀಳಲಿ, ಬ್ಯಾಟರಿ ಸಮೇತ. ಗುತ್ತಿನ ಮನೆಗೆ ಆಮೇಲೆ. 'ಧಣಿಯ ವೈಫೈ ಉಂಟಲ್ಲ, ಹೋಗಿ ಕೇಳಿ' ಅಂತ ಯಾರೂ ನಮಗೆ ಹೇಳುವುದು ಬೇಡ. ಆ ಅಂಗಳದಿಂದ ನಮ್ಮ ಅಜ್ಜಂದಿರು ಎಷ್ಟು ಮಾರು ದೂರ ನಿಲ್ಲಬೇಕಿತ್ತು ಅಂತ ನಮಗಿನ್ನೂ ನೆನಪುಂಟು.