ಎರಡು ಜೀವಕ್ಕೆ ಎರಡು ಎಲೆಯಲ್ಲ

ಕಳೆದ ತಿಂಗಳು ಅಕ್ಕನ ಮಗಳ ಸೀಮಂತ. ಹಸಿರು ಬಳೆ ತೊಟ್ಟು ಎಲೆಯ ಮುಂದೆ ಕೂತವಳಿಗೆ ಮೂರನೇ ಹೋಳಿಗೆ ಬಿತ್ತು, ಅದರ ಮೇಲೆ ತುಪ್ಪ. ಅವಳು ಕೈ ಅಡ್ಡ ಹಿಡಿದಳು. ‘ಎರಡು ಜೀವ ಕಣಮ್ಮ, ಇಬ್ಬರ ಊಟ ಉಣ್ಣಬೇಕು’ ಎಂದರು ಅವಳ ಅತ್ತೆ. ಆ ಮಾತಿನಲ್ಲಿದ್ದದ್ದು ಪ್ರೀತಿಯೇ. ಆದರೆ ಬಸುರಿಗೆ ಮುಂಚೆಯೇ ತೂಕ ಹೆಚ್ಚಿದ್ದ ಹುಡುಗಿ ಅವಳು. ಏಳನೇ ತಿಂಗಳಿಗೇ ಅವಳ ತಾಯಿ ಕಾರ್ಡಿನಲ್ಲಿ 14 ಕೆ.ಜಿ. ಏರಿತ್ತು. ಅಮೆರಿಕದ ತಜ್ಞರು 2009ರಲ್ಲಿ ಹಾಕಿಕೊಟ್ಟ ಲೆಕ್ಕದ ಪ್ರಕಾರ, ಹದವಾದ ತೂಕದವರು ಇಡೀ ಬಸಿರಿನಲ್ಲಿ 11.5ರಿಂದ 16 ಕೆ.ಜಿ. ಏರಬಹುದು, ಮೊದಲೇ ತೂಕ ಹೆಚ್ಚಿದ್ದವರಿಗೆ 7ರಿಂದ 11.5 ಸಾಕು.

ಇದು ತಾಯಿಯ ಮೈಗಷ್ಟೇ ಸಂಬಂಧಿಸಿದ ವಿಷಯವಲ್ಲ. ಅಮೆರಿಕದ ಆರ್ಕನ್ಸಾ ರಾಜ್ಯದಲ್ಲಿ ಒಂದೇ ತಾಯಿಯ ಮಕ್ಕಳನ್ನು ಪರಸ್ಪರ ಹೋಲಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಯಾವ ಬಸಿರಿನಲ್ಲಿ ತಾಯಿಯ ತೂಕ ಹೆಚ್ಚು ಏರಿತ್ತೋ ಆ ಮಗು ಬೆಳೆದ ಮೇಲೂ ತುಸು ಹೆಚ್ಚು ತೂಗುತ್ತಿತ್ತು. ತಾಯಿ ಅವಳೇ, ಬಸಿರು ಮಾತ್ರ ಬೇರೆ.

ಗರ್ಭದಲ್ಲಿ ಆಗುವುದೇನು? ನಮ್ಮ ಕಾಗುಣಿತವನ್ನೇ ನೆನೆಸಿಕೊಳ್ಳಿ. ‘ಕ’ ಅಕ್ಷರ ಅದೇ. ಗುಡಿಸು ಬಂದರೆ ‘ಕಿ’, ಕೊಂಬು ಬಂದರೆ ‘ಕು’. ವಂಶವಾಹಿಗಳ ಅಕ್ಷರಗಳ ಮೇಲೂ ಇಂಥ ಗುರುತುಗಳು ಬೀಳುತ್ತವೆ. ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಬಂದು ಕೂತಲ್ಲಿ ಆ ವಂಶವಾಹಿಯ ದನಿ ಅನೇಕ ವೇಳೆ ತಗ್ಗುತ್ತದೆ. ಅಕ್ಷರ ಬದಲಾಗದೆ ಓದು ಬದಲಾಗುವ ಈ ಬಗೆಯೇ ಎಪಿಜೆನೆಟಿಕ್ಸ್. 1944-45ರ ಚಳಿಗಾಲದಲ್ಲಿ ನೆದರ್‌ಲೆಂಡ್ಸ್ ಹಸಿವಿನಿಂದ ಕಂಗೆಟ್ಟಿತ್ತು. ಆಗ ಗರ್ಭದಲ್ಲಿ ಮೊಳೆತವರನ್ನು ಆರು ದಶಕಗಳ ನಂತರ ಪರೀಕ್ಷಿಸಿದಾಗ, ಬೆಳವಣಿಗೆಗೆ ಬೇಕಾದ ಒಂದು ವಂಶವಾಹಿಯ ಮೇಲೆ ಈ ಗುರುತು ಅವರ ಒಡಹುಟ್ಟಿದವರಿಗಿಂತ ಕಡಿಮೆಯಿತ್ತು. ಹಸಿವು ಗುರುತು ಬಿಡುವುದಾದರೆ, ಅತಿಯಾದ ಊಟವೂ ಬಿಡಬಹುದು ಎಂಬ ಶಂಕೆಯ ಬೆನ್ನು ಹತ್ತಿದೆ ವಿಜ್ಞಾನ. ಮನುಷ್ಯರಲ್ಲಿ ಕೊನೆಯ ಪುರಾವೆ ಇನ್ನೂ ಸಿಕ್ಕಿಲ್ಲ.

ನಮ್ಮ ಮೈಸೂರೂ ಈ ಕತೆಯಲ್ಲಿದೆ. ಊರವರು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರಲ್ಲಿ ಸಂಶೋಧಕರು ಬಸುರಿಯರ ಸಕ್ಕರೆ ಪರೀಕ್ಷಿಸಿ, ಅವರ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. ಬಸಿರಿನಲ್ಲಿ ಸಕ್ಕರೆ ಕಾಯಿಲೆ ಬಂದಿದ್ದ ತಾಯಂದಿರ ಹೆಣ್ಣುಮಕ್ಕಳಿಗೆ ಐದನೇ ವಯಸ್ಸಿಗೇ ಚರ್ಮದಡಿ ಕೊಬ್ಬು ಹೆಚ್ಚಿತ್ತು. ತಾಯಿಯ ರಕ್ತದ ಸಕ್ಕರೆ ಮಗುವಿಗೂ ಹರಿಯುತ್ತದೆ; ಅದನ್ನು ನಿಭಾಯಿಸಲು ಮಗುವಿನ ಮೈ ಇನ್ಸುಲಿನ್ ಹೆಚ್ಚಿಸುತ್ತದೆ; ಇನ್ಸುಲಿನ್ ಕೊಬ್ಬು ಕೂಡಿಡುತ್ತದೆ. ನಾಳೆ ತಾಯಾಗುವವರೂ ಆ ಹೆಣ್ಣುಮಕ್ಕಳೇ. ಸುತ್ತು ಹಾಗೇ ಮುಂದುವರಿಯುತ್ತದೆ.

ಇಷ್ಟು ಓದಿ ಯಾರೂ ಬಸುರಿಯತ್ತ ಬೆರಳು ತೋರಬಾರದು. ಬಡಿಸಿದವರು ನಾವು, ‘ಓಡಾಡಬೇಡ, ಕೂತಿರು’ ಎಂದವರು ನಾವು. ಹೆದರಿ ಊಟ ಬಿಡುವುದೂ ಮಗುವಿಗೆ ಕೇಡು. ಸೊರಗಿದ ಬಸುರಿಯರು ನಮ್ಮಲ್ಲಿ ಇಂದಿಗೂ ಇದ್ದಾರೆ. ಅವರಿಗೆ ಇನ್ನೊಂದು ತುತ್ತು ಬೇಕೇ ಬೇಕು. ಒಬ್ಬೊಬ್ಬಳ ಅಳತೆ ಒಂದೊಂದು ಎಂಬುದಷ್ಟೇ ನನ್ನ ಮಾತು. ಸೊಪ್ಪು, ಕಾಳು, ಮೊಟ್ಟೆ, ಮೊಸರು ಎಲೆಯಲ್ಲಿ ಮೊದಲು ಬೀಳಲಿ. ಹೋಳಿಗೆ ಒಂದು ಸಾಕು. ವೈದ್ಯರು ಬೇಡವೆನ್ನದಿದ್ದರೆ ಸಂಜೆ ಅರ್ಧ ಗಂಟೆ ಅವಳೊಡನೆ ಮನೆಯವರೂ ನಡೆಯಲಿ.

ಅಕ್ಕನ ಮಗಳ ಕಾರ್ಡನ್ನು ತಿರುವಿ ನೋಡಿದೆ. ತಿಂಗಳು ತಿಂಗಳೂ ತೂಕ ಬರೆದಿದ್ದರು, ತಪ್ಪದೆ. ಅವಳಿಗೆ ಎಷ್ಟು ಏರಬೇಕು ಎಂದು ಒಬ್ಬರೂ ಬರೆದಿರಲಿಲ್ಲ, ಹೇಳಿಯೂ ಇರಲಿಲ್ಲ. ಮೊದಲ ತಪಾಸಣೆಯ ದಿನವೇ, ಪ್ರತಿ ಬಸುರಿಯ ಕಾರ್ಡಿನಲ್ಲೂ, ಆ ಇನ್ನೊಂದು ಅಂಕಿ ಬೀಳಲಿ. ಅದನ್ನು ಅವಳ ಅತ್ತೆಗೂ ಗಂಡನಿಗೂ ಓದಿ ಹೇಳಲಿ.