ಹಾಜರಿ ಪುಸ್ತಕದಲ್ಲಿ ಉಳಿದ ಗೆಳೆಯ

ಶಾಲೆಯ ಸ್ಮರಣ ಸಂಚಿಕೆಗಳಲ್ಲಿ ಹಳೆಯ ವಿದ್ಯಾರ್ಥಿಗಳು ಬಾಲ್ಯದ ಸ್ನೇಹವನ್ನು ನೆನೆಯುವುದು ವಾಡಿಕೆ. ವಕೀಲರಾದವರು ವೈದ್ಯನಾದ ಗೆಳೆಯನನ್ನು, ವೈದ್ಯರಾದವರು ಇಂಜಿನಿಯರನಾದ ಗೆಳೆಯನನ್ನು ಪ್ರೀತಿಯಿಂದ ಸ್ಮರಿಸುತ್ತಾರೆ. ಇದು ಸಹಜವೂ ಹೌದು, ಸ್ತುತ್ಯವೂ ಹೌದು. ಆದರೆ ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಒಂದೇ ತರಗತಿಯಲ್ಲಿ ಕಲಿಯತೊಡಗಿದ ಎಲ್ಲರೂ ಒಟ್ಟಿಗೆ ಕಲಿತು ಮುಗಿಸಲಿಲ್ಲ. ಐದರಲ್ಲೋ ಏಳರಲ್ಲೋ ಶಾಲೆ ಬಿಟ್ಟ ಗೆಳೆಯನ ಹೆಸರು ಇಂತಹ ಸಂಚಿಕೆಗಳ ಪುಟಗಳಲ್ಲಿ ಬರುವುದು ಅಪರೂಪ. ಹಳೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಅದು ಉಳಿದಿದೆ.

ಈ ನಾಡಿನಲ್ಲಿ ವಿದ್ಯೆ ಸುಲಭವಾಗಿ ಬಂದುದಲ್ಲ. ನಿಜಾಮರ ಆಳ್ವಿಕೆಯಲ್ಲಿ ಮನೆಯಲ್ಲಿ ಕನ್ನಡವನ್ನಾಡಿದ ಮಕ್ಕಳು ಶಾಲೆಯಲ್ಲಿ ಉರ್ದುವಿನ ಮೂಲಕ ಕಲಿಯಬೇಕಾಗಿತ್ತು. 1948ರ ಸೆಪ್ಟೆಂಬರ್ 17ರ ವಿಮೋಚನೆಯೂ 1956ರ ಏಕೀಕರಣವೂ ಬಂದ ಮೇಲೆ ಕನ್ನಡ ಶಾಲೆಗಳು ಬೆಳೆದವು. ಮಠಗಳ ಪ್ರಸಾದ ನಿಲಯಗಳು ಹಳ್ಳಿಯ ಮಕ್ಕಳಿಗೆ ಅನ್ನವನ್ನೂ ಆಶ್ರಯವನ್ನೂ ಇತ್ತವು. ಆ ಪಂಕ್ತಿಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತು ಜೋಳದ ರೊಟ್ಟಿ, ಪುಂಡಿಪಲ್ಯ ಉಂಡವರ ಸ್ನೇಹದ ರುಚಿಯನ್ನು ಬಲ್ಲವರೇ ಬಲ್ಲರು. ಇಬ್ಬರ ನಡುವೆ ಒಂದೇ ಪಠ್ಯಪುಸ್ತಕ. ಸಂಜೆಯವರೆಗೆ ಒಬ್ಬನದು, ದೀಪ ಹಚ್ಚಿದ ಮೇಲೆ ಇನ್ನೊಬ್ಬನದು. ಒಂದು ದಿನ ಆ ಇನ್ನೊಬ್ಬನು ಬರಲಿಲ್ಲ; ಪುಸ್ತಕವೆಲ್ಲ ಇವನಿಗೇ ಆಯಿತು. ಇಂದು ದೊಡ್ಡ ಹುದ್ದೆಯಲ್ಲಿರುವ ಎಷ್ಟು ಜನರ ಓದು ಹೀಗೆ ಇನ್ನೊಬ್ಬನ ಪಾಲಿನ ಪುಸ್ತಕದಿಂದ ಮುಂದುವರಿಯಿತೆಂಬುದನ್ನು ಯಾರೂ ಲೆಕ್ಕ ಹಾಕಿಲ್ಲ.

ಬಾರದೆ ಹೋದವನು ಎಲ್ಲಿಗೆ ಹೋದನು? ಬಹುತೇಕ ಗುಳೆ ಹೋದನು. ಮಳೆಯನ್ನೇ ನಂಬಿದ ಹೊಲದಲ್ಲಿ ಸುಗ್ಗಿ ಮುಗಿದರೆ ಮನೆಮಂದಿಯೆಲ್ಲ ಗಂಟುಮೂಟೆ ಕಟ್ಟಿ ಯಾದಗಿರಿಯ ರೈಲು ನಿಲ್ದಾಣದಲ್ಲಿ ಬಂದು ಕೂಡುವುದು, ಮುಂಬಯಿಗೋ ಪುಣೆಗೋ ಬೆಂಗಳೂರಿಗೋ ಕಟ್ಟಡದ ಕೂಲಿಗೆ ಹೋಗುವುದು ಈ ಭಾಗದಲ್ಲಿ ಹಳೆಯ ಕಥೆ. ಕೃಷ್ಣೆಗೆ ನಾರಾಯಣಪುರದಲ್ಲಿ ಅಣೆಕಟ್ಟು 1982ರಲ್ಲಿ ಪೂರ್ಣಗೊಂಡು, ಕಾಲುವೆಯ ನೀರು ಹರಿದಲ್ಲಿ ಭತ್ತದ ಗದ್ದೆಗಳಾದವು; ನೀರು ಮುಟ್ಟದ ಹಳ್ಳಿ ತಾಂಡಾಗಳ ಜನ ಇಂದಿಗೂ ರೈಲು ಹತ್ತುತ್ತಾರೆ. ಮಕ್ಕಳು ವರ್ಷದ ನಡುವೆಯೇ ತರಗತಿ ಬಿಡುತ್ತಾರೆ. ಶಾಲೆಯ ದಾಖಲೆಯಲ್ಲಿ ಅದಕ್ಕೆ ‘ದೀರ್ಘ ಗೈರುಹಾಜರಿ’ ಎಂಬ ಎರಡೇ ಶಬ್ದ. ಹಸಿವು ಎಂದು ಬರೆಯಲು ಅಲ್ಲಿ ಅಂಕಣವಿಲ್ಲ.

ಹೆಣ್ಣುಮಕ್ಕಳ ಗೆಳೆತನವಂತೂ ಇನ್ನೂ ಬೇಗ ಮುರಿಯಿತು. ಮದುವೆಯಾಗಿ ಊರು ಬದಲಾಯಿತು, ಎಷ್ಟೋ ಮನೆಗಳಲ್ಲಿ ಹೆಸರೂ ಬದಲಾಯಿತು. ಮುಂದೆ ಗೆಳತಿ ಹುಡುಕಬೇಕೆಂದರೂ ಯಾವ ಹೆಸರಿನಿಂದ ಹುಡುಕಬೇಕು? 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇಕಡಾ 52ರಷ್ಟು, ರಾಜ್ಯದಲ್ಲಿಯೇ ಕನಿಷ್ಠ. ಮಹಿಳೆಯರದು ಶೇಕಡಾ 41ರಷ್ಟು ಮಾತ್ರ. ಈ ಅಂಕಿಗಳೊಳಗೆ ಯಾರದೋ ಬಾಲ್ಯದ ಗೆಳತಿಯರು ಇದ್ದಾರೆ.

ಶಾಲೆ ಬಿಟ್ಟವರನ್ನು ಹಳೆಯ ವಿದ್ಯಾರ್ಥಿಗಳ ಸಮಾವೇಶಕ್ಕೆ ಕರೆದರೆ ಅವರಿಗೇ ಮುಜುಗರವಾದೀತೆಂದು ಕೆಲವರು ಹೇಳುವುದುಂಟು. ಆ ಮುಜುಗರ ನಿಜವಾಗಿ ಯಾರದೆಂಬುದು ಸಂತೆಯಲ್ಲಿ ತಿಳಿಯುತ್ತದೆ. ಒಂದು ಕಾಲಕ್ಕೆ ‘ಏನಲೇ’ ಎಂದು ಹೆಗಲ ಮೇಲೆ ಕೈ ಹಾಕುತ್ತಿದ್ದವನು ಇಂದು ‘ಆರಾಮ ಅದೀರೇನ್ರೀ ಸಾಹೇಬ್ರ’ ಎಂದು ನಾಲ್ಕು ಹೆಜ್ಜೆ ಹಿಂದೆ ನಿಲ್ಲುತ್ತಾನೆ. ಸಾಹೇಬರು ‘ಹೂಂ, ಆರಾಮ’ ಎಂದು ಕಾರು ಹತ್ತುತ್ತಾರೆ. ‘ನೀನು’ ಹೋಗಿ ‘ನೀವು’ ಬಂದ ಆ ಗಳಿಗೆಯಲ್ಲಿ ಕಳೆದುಹೋದುದು ಏನೆಂಬುದನ್ನು ಇಬ್ಬರೂ ಬಲ್ಲರು. ಅದನ್ನು ಮರಳಿ ತರುವ ಮೊದಲ ಮಾತು ಕಲಿತವನ ಬಾಯಿಂದ ಬರಬೇಕಲ್ಲದೆ, ಹಿಂದೆ ನಿಂತವನ ಬಾಯಿಂದ ಬರಲಾರದು.

ಆದುದರಿಂದ ಹಳೆಯ ವಿದ್ಯಾರ್ಥಿ ಎಂಬ ಪದದ ಅರ್ಥವನ್ನು ವಿಸ್ತರಿಸುವುದು ಉಚಿತ. ಹತ್ತನೆಯ ತರಗತಿ ಪಾಸಾದವರ ಪಟ್ಟಿಯ ಬದಲು, ಹೆಸರು ನೋಂದಾಯಿಸಿದ ಎಲ್ಲರ ಪಟ್ಟಿಯನ್ನು ದಾಖಲಾತಿ ಪುಸ್ತಕದಿಂದ ತೆಗೆದು, ಆಯಾ ತಂಡದವರೇ ತಮ್ಮ ಊರುಗಳಲ್ಲಿ ವಿಚಾರಿಸಿ ಕರೆತರಬಹುದು. ದಾನಿಗಳ ವಿಷಯದಲ್ಲಿಯೂ ಒಂದು ಮಾತು. ಕೊಠಡಿ ಕಟ್ಟಿಸಿ ಅಮೃತಶಿಲೆಯಲ್ಲಿ ಹೆಸರು ಕೆತ್ತಿಸುವುದು ಒಳ್ಳೆಯದೇ, ಕೊಠಡಿಗಳು ಬೇಕು. ಆದರೆ ತಂದೆತಾಯಿ ಗುಳೆ ಹೋದ ನಾಲ್ಕಾರು ತಿಂಗಳು ಮಗು ಊರಿನಲ್ಲಿಯೇ ಉಳಿದು ಉಣ್ಣಲು, ಮಲಗಲು, ಪರೀಕ್ಷೆಗೆ ಕೂಡಲು ಏರ್ಪಾಡು ಮಾಡಿದರೆ ಇಬ್ಬರ ಒಂದು ಪುಸ್ತಕ ಇಬ್ಬರದಾಗಿಯೇ ಉಳಿದೀತು. ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕೆಂದು 2009ರ ಶಿಕ್ಷಣ ಹಕ್ಕು ಕಾಯಿದೆ ವಿಧಿಸಿದೆ. ಮರಳಿ ಬಂದ ಮಗುವಿಗೆ ಹಿಂದುಳಿದ ಪಾಠವನ್ನು ಸಂಜೆ ಒಂದು ಗಂಟೆ ಹೇಳಿಕೊಡಲು ನಿವೃತ್ತ ಶಿಕ್ಷಕರು ಈ ಮೂರೂ ಊರುಗಳಲ್ಲಿದ್ದಾರೆ. ಕೇಳುವವರಿದ್ದರೆ ಅವರು ಇಲ್ಲವೆನ್ನಲಾರರು.